ಮಾತಿಲ್ಲದ ಸಂಗೀತ ಯುದ್ಧದ ಬಗ್ಗೆ ಹೇಳುವುದಾದರೂ ಏನನ್ನು?

ಪ್ರಶ್ನೆ: ಸೋವಿಯತ್ ಸಂಯೋಜಕ ಶೊಸ್ತಕೋವಿಚ್ ಅವರ ಎಂಟನೇ ಸ್ಟ್ರಿಂಗ್ ಕ್ವಾರ್ಟೆಟ್ (ನಾಲ್ಕು ತಂತಿವಾದ್ಯಗಳ ಕೃತಿ) ಕೇಳಿ ಕಣ್ಣು ತುಂಬಿ ಬಂತು. ಆಮೇಲೆ ಅನುಮಾನ ಶುರುವಾಯಿತು. ಅದು ಯುದ್ಧದಲ್ಲಿ ಸತ್ತವರಿಗೆ ಅರ್ಪಿಸಿದ ಕೃತಿ ಎಂದು ಮೊದಲೇ ಓದಿಕೊಂಡಿದ್ದೆ. ಓದದೇ ಇದ್ದಿದ್ದರೆ? ಸಾಹಿತ್ಯವೇ ಇಲ್ಲದ ವಾದ್ಯಸಂಗೀತ ಯುದ್ಧ, ದಮನ, ದೇಶಭ್ರಷ್ಟತೆಗಳ ಬಗ್ಗೆ ನಿಜಕ್ಕೂ ಏನಾದರೂ ಹೇಳುತ್ತದೆಯೇ? ಅಥವಾ ಕಥೆ ಗೊತ್ತಿರುವ ನಾವೇ ಅದಕ್ಕೆ ಅರ್ಥ ಹಚ್ಚುತ್ತೇವೆಯೇ? ಇಂಥ ಕೃತಿಗಳನ್ನು ಎಲ್ಲಿಂದ ಕೇಳಲು ಶುರುಮಾಡಲಿ?

ಉತ್ತರ: ನಿಮ್ಮ ಅನುಮಾನವನ್ನು ತಳ್ಳಿಹಾಕುವ ಬದಲು ಮೊದಲು ಅದಕ್ಕೇ ಒಂದಿಷ್ಟು ಬಲ ಕೊಡುತ್ತೇನೆ. ಪೋಲೆಂಡಿನ ಕ್ರಿಶ್ಟೋಫ್ ಪೆಂಡೆರೆಟ್ಸ್ಕಿ 1960ರ ಹೊತ್ತಿಗೆ 52 ತಂತಿವಾದ್ಯಗಳಿಗಾಗಿ ಒಂದು ಕೃತಿ ಬರೆದರು. ವಾದ್ಯಗಳು ಚೀರುತ್ತವೆ, ಸ್ವರಗಳು ಒಂದಕ್ಕೊಂದು ಅಂಟಿಕೊಂಡು ಗೋಡೆಯಂತೆ ಎದ್ದು ನಿಲ್ಲುತ್ತವೆ. 'ಹಿರೋಷಿಮಾದ ಬಲಿಪಶುಗಳಿಗೆ ಶೋಕಗೀತೆ' ಎಂಬ ಹೆಸರಿನಲ್ಲಿ ಅದು ಲೋಕಪ್ರಸಿದ್ಧ. ಕೇಳಿದವರಿಗೆ ಬಾಂಬು ಹೊತ್ತ ವಿಮಾನ, ಸುಡುವ ಊರು, ಎಲ್ಲವೂ ಕಾಣಿಸುತ್ತದೆ. ಆದರೆ ಬರೆಯುವಾಗ ಪೆಂಡೆರೆಟ್ಸ್ಕಿ ಅದಕ್ಕೆ ಇಟ್ಟಿದ್ದ ಹೆಸರು '8 ನಿಮಿಷ 37 ಸೆಕೆಂಡು', ಅಷ್ಟೇ. ತಂತಿಗಳಿಂದ ಎಂತೆಂಥ ನಾದ ಹೊರಡಿಸಬಹುದು ಎಂಬ ಪ್ರಯೋಗ ಅದು. ಹಿರೋಷಿಮಾ ಆಮೇಲೆ ಬಂದದ್ದು. ಹಾಗಾಗಿ, ಹೌದು, ತಲೆಬರಹವೇ ನಮ್ಮ ಕಿವಿಯನ್ನು ತಿದ್ದುವುದುಂಟು.

ಹಾಗಾದರೆ ಯುದ್ಧವನ್ನು ನೇರವಾಗಿ ಚಿತ್ರಿಸಿದ ಸಂಗೀತ ಇದಕ್ಕಿಂತ ಪ್ರಾಮಾಣಿಕವೇ? 1813ರ ಡಿಸೆಂಬರ್ 8ರಂದು ವಿಯೆನ್ನಾದಲ್ಲಿ, ನೆಪೋಲಿಯನ್ ವಿರುದ್ಧದ ಕದನದಲ್ಲಿ ಗಾಯಗೊಂಡ ಸೈನಿಕರ ನೆರವಿಗೆಂದು ಒಂದು ಕಛೇರಿ ನಡೆಯಿತು. ಬೇಟೋವನ್ ಅವರ ಎರಡು ಹೊಸ ಕೃತಿಗಳು ಅಂದು ಮೊದಲ ಬಾರಿಗೆ ಕೇಳಿಬಂದವು. ಒಂದು 'ವೆಲ್ಲಿಂಗ್ಟನ್ನನ ವಿಜಯ'. ಇಂಗ್ಲಿಷರ ತೋಪು ಎಲ್ಲಿ ಸಿಡಿಯಬೇಕು, ಫ್ರೆಂಚರದು ಎಲ್ಲಿ ಎಂದು ಸ್ವರಲಿಪಿಯಲ್ಲೇ ಗುರುತು ಹಾಕಿದ ಕೃತಿ. ಆ ಕಾಲಕ್ಕೆ ಜನ ಮುಗಿಬಿದ್ದು ಕೇಳಿದರು. ಇಂದು ಅದನ್ನು ಕೇಳುವವರು ಕುತೂಹಲಕ್ಕೆ ಕೇಳುತ್ತಾರೆ, ನಾನಂತೂ ಎರಡನೇ ಸಲ ಕೇಳಲಾರೆ. ಇನ್ನೊಂದು ಏಳನೇ ಸಿಂಫನಿ. ಅದರಲ್ಲಿ ತೋಪಿಲ್ಲ, ಸೈನ್ಯವಿಲ್ಲ, ಯುದ್ಧದ ಹೆಸರೂ ಇಲ್ಲ. ಅದರ ಎರಡನೇ ಭಾಗ ನಮ್ಮ ಛಂದಸ್ಸಿನ ಮಾತಿನಲ್ಲಿ ಹೇಳುವುದಾದರೆ ಗುರು-ಲಘು-ಲಘು-ಗುರು-ಗುರು ಎಂಬ ಒಂದೇ ನಡೆಯನ್ನು ಹಿಡಿದು, ದೂರದಿಂದ ಬರುವ ಮೆರವಣಿಗೆಯಂತೆ ಸಾಗುತ್ತದೆ. ಸಭಿಕರು ಅಂದೇ ಅದನ್ನು ಇನ್ನೊಮ್ಮೆ ನುಡಿಸಿಸಿದರು. ಗಾಯಾಳುಗಳಿಗಾಗಿ ಸೇರಿದ್ದ ಆ ಸಭೆಗೆ ಅದರಲ್ಲಿ ಏನು ಕೇಳಿಸಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಯುದ್ಧದ ಚಿತ್ರ ಬಿಡಿಸಲು ಹೊರಟ ಸಂಗೀತ ಬೇಗ ಹಳತಾಗುತ್ತದೆ. ಉಳಿದು ಬಂದ ಕೃತಿಗಳಲ್ಲಿ ಯುದ್ಧ ವಸ್ತುವಾಗಿ ಇರುವುದಕ್ಕಿಂತ ಹೆಚ್ಚಾಗಿ ಒಂದು ಇಕ್ಕಟ್ಟಾಗಿ ಇರುತ್ತದೆ. ಯಾವ ವಾದ್ಯ ಸಿಕ್ಕಿತು, ಯಾವುದು ಸಿಗಲಿಲ್ಲ, ಯಾರ ಕಿವಿ ತಪ್ಪಿಸಬೇಕಿತ್ತು, ಯಾವ ಧಾಟಿಯನ್ನು ಬಾಯಿಬಿಟ್ಟು ಹಾಡುವಂತಿರಲಿಲ್ಲ ಎಂಬುದೆಲ್ಲ ಕೃತಿಯ ಮೈಕಟ್ಟಿನಲ್ಲೇ ಅಚ್ಚೊತ್ತಿರುತ್ತದೆ. ಕಥೆ ಗೊತ್ತಿಲ್ಲದವರಿಗೂ ಆ ಗುರುತು ಕೇಳಿಸುತ್ತದೆ, ಕಾರಣ ಮಾತ್ರ ತಿಳಿದಿರುವುದಿಲ್ಲ.

ತೀರ ಸರಳ ಉದಾಹರಣೆ ಫ್ರೆಂಚ್ ಸಂಯೋಜಕ ರವೆಲ್ ಅವರದು. ಆಸ್ಟ್ರಿಯಾದ ಪಿಯಾನೊ ವಾದಕ ಪೌಲ್ ವಿಟ್ಗೆನ್‌ಸ್ಟೈನ್ 1914ರಲ್ಲಿ ಯುದ್ಧರಂಗದಲ್ಲಿ ಬಲಗೈ ಕಳೆದುಕೊಂಡರು. ಅವರು ಕೇಳಿಕೊಂಡ ಮೇಲೆ ರವೆಲ್ ಎಡಗೈ ಒಂದಕ್ಕೇ ಪಿಯಾನೊ ಕಾನ್ಸರ್ಟೊ (ವಾದ್ಯಮೇಳದೊಡನೆ ಪಿಯಾನೊ ಮುಂದಾಗಿ ನುಡಿಯುವ ಕೃತಿ) ಬರೆದರು, 1932ರ ಜನವರಿಯಲ್ಲಿ ಅದು ವಿಯೆನ್ನಾದಲ್ಲಿ ಮೊದಲು ನುಡಿಯಿತು. ಅದರಲ್ಲಿ ರಣಕಹಳೆ ಇಲ್ಲ. ಇರುವುದು ಎರಡು ಕೈಗಳ ಕೆಲಸವನ್ನು ಮಾಡಲು ಏದುಸಿರು ಬಿಡುತ್ತ ಪಿಯಾನೊದ ಒಂದು ಮನೆಯಿಂದ ಇನ್ನೊಂದು ಮನೆಗೆ ಹಾರುವ ಒಂದು ಕೈ. ಇಲ್ಲದ ಕೈಯೇ ಆ ಕೃತಿಯ ಯುದ್ಧ. ಇನ್ನೊಂದು ಮಾತು, ರವೆಲ್ ಆ ಯುದ್ಧದಲ್ಲಿ ಎದುರು ಪಕ್ಷದವರು. ಫ್ರೆಂಚ್ ಸೇನೆಗೆ ಲಾರಿ ಓಡಿಸಿದವರು. ಜರ್ಮನ್, ಆಸ್ಟ್ರಿಯನ್ ಸಂಗೀತವನ್ನು ಬಹಿಷ್ಕರಿಸಲು ಫ್ರಾನ್ಸಿನಲ್ಲಿ ಹುಟ್ಟಿಕೊಂಡ ಸಂಘಕ್ಕೆ ಸೇರಲು ಯುದ್ಧ ನಡೆಯುತ್ತಿರುವಾಗಲೇ ಒಪ್ಪದವರು.

ಈಗ ಮೆಸಿಯಾನ್‌ಗೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ನಿಮ್ಮ ಪ್ರಶ್ನೆಯ ಎರಡೂ ಮಗ್ಗುಲು ಈ ಒಂದೇ ಕೃತಿಯಲ್ಲಿವೆ.

ಒಲಿವಿಯೆ ಮೆಸಿಯಾನ್ 1940ರ ಬೇಸಿಗೆಯಲ್ಲಿ ಜರ್ಮನರಿಗೆ ಸೆರೆಸಿಕ್ಕ ಫ್ರೆಂಚ್ ಸೈನಿಕ, ವೃತ್ತಿಯಲ್ಲಿ ಸಂಯೋಜಕ. ಗೋರ್ಲಿಟ್ಸ್ ಊರಿನ ಸ್ಟಾಲಾಗ್ 8-ಎ ಎಂಬ ಯುದ್ಧಕೈದಿಗಳ ಶಿಬಿರದಲ್ಲಿ ಅವರ ಜೊತೆಗಿದ್ದವರು ಕ್ಲಾರಿನೆಟ್‌ನ ಆನ್ರಿ ಅಕೋಕ, ಚೆಲ್ಲೊದ ಎತಿಯೆನ್ ಪಾಸ್ಕಿಯೆ, ಪಿಟೀಲಿನ ಜಾನ್ ಲ ಬೂಲೇರ್. ಪಿಯಾನೊ ಮೆಸಿಯಾನ್ ಅವರದೇ. ಈ ನಾಲ್ಕು ವಾದ್ಯಗಳ ಜೋಡಣೆಯನ್ನು ನೆಮ್ಮದಿಯಿಂದ ಮನೆಯಲ್ಲಿ ಕೂತ ಸಂಯೋಜಕರು ಸಾಮಾನ್ಯವಾಗಿ ಆರಿಸಿಕೊಳ್ಳುವುದಿಲ್ಲ. ಸಿಕ್ಕವರನ್ನು ಕಟ್ಟಿಕೊಂಡು ಬರೆದದ್ದು 'ಕಾಲದ ಅಂತ್ಯಕ್ಕಾಗಿ ಕ್ವಾರ್ಟೆಟ್'. 1941ರ ಜನವರಿ 15ರಂದು, ಕೊರೆಯುವ ಚಳಿಯಲ್ಲಿ, ಶಿಬಿರದ ಒಂದು ಬ್ಯಾರಕ್‌ನಲ್ಲಿ ಕೈದಿಗಳ ಮತ್ತು ಕಾವಲುಗಾರರ ಮುಂದೆ ಅದನ್ನು ನುಡಿಸಿದರು. ಪಿಯಾನೊದ ಶ್ರುತಿ ಹೋಗಿತ್ತು, ಒತ್ತಿದ ಮನೆಗಳು ಮೇಲೇಳುತ್ತಿರಲಿಲ್ಲ.

ಆಮೇಲೆ ಕಥೆ ಬೆಳೆಯಿತು. ಐದು ಸಾವಿರ ಜನ ಕೇಳಿದರು, ಚೆಲ್ಲೊಗೆ ಮೂರೇ ತಂತಿ ಇದ್ದವು ಎಂದು ಮೆಸಿಯಾನ್ ಅವರೇ ಹೇಳುತ್ತಿದ್ದರು. ನುಡಿಸಿದ ಪಾಸ್ಕಿಯೆ ಮಾತ್ರ ನಾಲ್ಕೂ ತಂತಿ ಇದ್ದವು ಎನ್ನುತ್ತಿದ್ದರು. ಆ ಬ್ಯಾರಕ್‌ನಲ್ಲಿ ಹಿಡಿಯುತ್ತಿದ್ದದ್ದು ಕೆಲವು ನೂರು ಮಂದಿ. ಇನ್ನೂ ಒಂದು ಸಂಗತಿ ನಿಮ್ಮ ಅನುಮಾನಕ್ಕೆ ಒದಗೀತು: ಕೇಳುಗರನ್ನು ಹೆಚ್ಚು ಅಲುಗಿಸುವ ಐದನೇ ಮತ್ತು ಎಂಟನೇ ಭಾಗಗಳು ಶಿಬಿರದಲ್ಲಿ ಹುಟ್ಟಿದವಲ್ಲ. ಒಂದು 1937ರ ಪ್ಯಾರಿಸ್ ವಸ್ತುಪ್ರದರ್ಶನಕ್ಕೆ ಬರೆದದ್ದು, ಇನ್ನೊಂದು 1930ರ ಆರ್ಗನ್ ಕೃತಿಯದು. ಎರಡನ್ನೂ ನೆನಪಿನಿಂದ ತೆಗೆದು ಹೊಸದಾಗಿ ಹೊಂದಿಸಿದರು.

ಅಲ್ಲಿಗೆ ಎಲ್ಲವೂ ಕಟ್ಟುಕಥೆಯಾಯಿತೇ? ಇಲ್ಲ. ಎಂಟು ಭಾಗಗಳಲ್ಲಿ ಯಾವುದನ್ನು ಯಾರು ನುಡಿಸುತ್ತಾರೆ ಎಂದು ಎಣಿಸುತ್ತ ಹೋಗಿ. ಮೂರನೆಯದು ಕ್ಲಾರಿನೆಟ್ ಒಂದರದೇ. ಸೆರೆಸಿಕ್ಕ ಹೊಸತರಲ್ಲಿ, ಶಿಬಿರ ತಲುಪುವ ಮೊದಲೇ, ಅಕೋಕನ ಬಳಿ ವಾದ್ಯವಿತ್ತು ಎಂಬ ಕಾರಣಕ್ಕೆ ಬರೆದದ್ದು. ಬಯಲಿನಲ್ಲಿ ಅವನು ಅದನ್ನು ಮೊದಲು ಓದಿ ನುಡಿಸುವಾಗ ಪಾಸ್ಕಿಯೆ ಕಾಗದ ಹಿಡಿದು ನಿಂತಿದ್ದರಂತೆ. ನಾಲ್ಕನೆಯದರಲ್ಲಿ ಪಿಯಾನೊ ಇಲ್ಲ, ಯಾಕೆಂದರೆ ಶಿಬಿರಕ್ಕೆ ಪಿಯಾನೊ ಇನ್ನೂ ಬಂದಿರಲಿಲ್ಲ. ಐದನೆಯದು ಚೆಲ್ಲೊ-ಪಿಯಾನೊ, ಎಂಟನೆಯದು ಪಿಟೀಲು-ಪಿಯಾನೊ. ನಾಲ್ವರೂ ಒಟ್ಟಾಗಿ ಕೂರುವುದು ಅರ್ಧದಲ್ಲಿ ಮಾತ್ರ. ಶಿಬಿರದ ಲೆಕ್ಕಪತ್ರ ಕೃತಿಯ ಒಳಗೇ ಇದೆ.

ನಮ್ಮವರಿಗೆ ಇನ್ನೂ ಒಂದು ಆಶ್ಚರ್ಯ ಕಾದಿದೆ. ಮೊದಲ ಭಾಗದಲ್ಲಿ ಪಿಯಾನೊ ಹಿಡಿಯುವ ಲಯ ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ ಎಂಬ ಮೂರು ದೇಶೀತಾಳಗಳನ್ನು ಪೋಣಿಸಿ ಮಾಡಿದ್ದು. ಹದಿಮೂರನೇ ಶತಮಾನದ ಶಾರ್ಙ್ಗದೇವ 'ಸಂಗೀತ ರತ್ನಾಕರ'ದಲ್ಲಿ ಪಟ್ಟಿಮಾಡಿದ ತಾಳಗಳು! ಫ್ರೆಂಚ್ ಸಂಗೀತ ವಿಶ್ವಕೋಶವೊಂದರಲ್ಲಿ ಮೆಸಿಯಾನ್ ಅವನ್ನು ಕಂಡು ಅಭ್ಯಾಸ ಮಾಡಿದ್ದರು. 17 ಪೆಟ್ಟುಗಳ ಆ ಲಯಚಕ್ರ 29 ಸ್ವರಗುಚ್ಛಗಳ ಇನ್ನೊಂದು ಚಕ್ರದ ಮೇಲೆ ಉರುಳುತ್ತದೆ. ಎರಡೂ ಹೊರಟ ಜಾಗಕ್ಕೆ ಒಟ್ಟಿಗೆ ಮರಳಬೇಕಾದರೆ 17 ಇಂಟು 29, ಅಂದರೆ 493 ಪೆಟ್ಟು ಆಗಬೇಕು. ಅದಕ್ಕೆ ಎಷ್ಟೋ ಮೊದಲೇ ಆ ಭಾಗ ಮುಗಿದುಹೋಗುತ್ತದೆ. ಸಮ ಬರುವುದೇ ಇಲ್ಲ. ತಾಳ ಹಾಕುತ್ತ ಕೇಳುವ ಅಭ್ಯಾಸವಿರುವವರಿಗೆ ಇದು ಎಂಥ ಅನುಭವ ಎಂದು ಬಿಡಿಸಿ ಹೇಳಬೇಕಿಲ್ಲ. ದಿನಕ್ಕೆ ದಿನ ಅಂಟಿಕೊಂಡಿರುವ ಸೆರೆವಾಸದಲ್ಲಿ ಕಾಲವೇ ನಿಂತುಹೋಗಲಿ ಎಂಬ ಆಸೆಯನ್ನು ಅವರು ಬೈಬಲ್ಲಿನ ಪ್ರಕಟನೆ ಗ್ರಂಥದ ಹೆಸರಿನಲ್ಲಿ ಹೇಳಿದರು, ಲೆಕ್ಕಾಚಾರದಲ್ಲಿ ಮಾಡಿಯೂ ತೋರಿಸಿದರು. ಯೆಹೂದಿಯಾಗಿದ್ದ ಅಕೋಕ ಆ ವರ್ಷವೇ ಸೆರೆಯಿಂದ ತಪ್ಪಿಸಿಕೊಂಡು ಬದುಕಿಕೊಂಡ, ಕ್ಲಾರಿನೆಟ್ ಬಿಟ್ಟುಕೊಡದೆ.

ತೆರೆಜೀನ್‌ನಲ್ಲಿದ್ದವರಿಗೆ ಆ ಅದೃಷ್ಟವಿರಲಿಲ್ಲ. ಪ್ರಾಗ್‌ನ ಉತ್ತರಕ್ಕೆ ಸುಮಾರು 60 ಕಿಲೊಮೀಟರ್ ದೂರದ ಆ ಕೋಟೆ ಊರನ್ನು ನಾತ್ಸಿಗಳು ಯೆಹೂದಿಗಳ ಘೆಟ್ಟೊ, ಅಂದರೆ ಅವರನ್ನು ಕೂಡಿಹಾಕುವ ಕೇರಿ, ಮಾಡಿದ್ದರು. ಚೆಕ್ ಸಂಗೀತಗಾರರ ಒಂದು ತಲೆಮಾರೇ ಅಲ್ಲಿತ್ತು: ವಿಕ್ಟರ್ ಉಲ್ಮಾನ್, ಪಾವೆಲ್ ಹಾಸ್, ಹಾನ್ಸ್ ಕ್ರಾಸ, ಇನ್ನೂ ಇಪ್ಪತ್ತೈದು ದಾಟದ ಗಿಡಿಯೊನ್ ಕ್ಲೈನ್. ಕ್ರಾಸ ಅವರ ಮಕ್ಕಳ ಆಪೆರಾ 'ಬ್ರುಂಡಿಬಾರ್' ಅಲ್ಲಿ 55 ಸಲ ಪ್ರದರ್ಶನಗೊಂಡಿತು. ಪಾತ್ರಧಾರಿ ಮಕ್ಕಳನ್ನು ಪೂರ್ವಕ್ಕೆ ಹೋಗುವ ರೈಲಿಗೆ ಹತ್ತಿಸಿದ ಹಾಗೆಲ್ಲ ಬೇರೆ ಮಕ್ಕಳನ್ನು ತಯಾರು ಮಾಡಬೇಕಾಗುತ್ತಿತ್ತು. ಅಲ್ಲೇ ಸೆರೆಯಲ್ಲಿದ್ದ ಕಂಡಕ್ಟರ್ ರಫಾಯೆಲ್ ಶೆಕ್ಟರ್ ಒಂದೇ ಒಂದು ಸ್ವರಲಿಪಿ ಪ್ರತಿ ಇಟ್ಟುಕೊಂಡು, ಬಾಯಿಪಾಠ ಮಾಡಿಸಿ, ವೆರ್ದಿಯ ರಿಕ್ವಿಯೆಮ್ ಹಾಡಿಸಿದರು. ಅದು ಕ್ಯಾಥೊಲಿಕ್ ಮರಣಪೂಜೆ, ಹಾಡಿದವರು ಯೆಹೂದಿಗಳು. ಅದರಲ್ಲಿ ಅಂತಿಮ ತೀರ್ಪಿನ ದಿನದ ಸಾಲುಗಳಿವೆ, ಅಡಗಿದ್ದೆಲ್ಲ ಬಯಲಾಗುತ್ತದೆ, ಏನೂ ಶಿಕ್ಷೆಯಿಲ್ಲದೆ ಉಳಿಯದು ಎಂಬ ಲ್ಯಾಟಿನ್ ಮಾತುಗಳಿವೆ. ಅವನ್ನು ಮುಂದಿನ ಸಾಲಿನಲ್ಲಿ ಕೂತ ನಾತ್ಸಿ ಅಧಿಕಾರಿಗಳ ಮುಖ ನೋಡಿ ಹಾಡಬಹುದಿತ್ತು.

1944ರ ಜೂನ್ 23ರಂದು ರೆಡ್ ಕ್ರಾಸ್ ತಂಡ ತಪಾಸಣೆಗೆ ಬಂತು. ಜನದಟ್ಟಣೆ ಕಾಣದಿರಲೆಂದು ಅದಕ್ಕೆ ತಿಂಗಳ ಮುಂಚೆಯೇ ಸುಮಾರು 7,500 ಮಂದಿಯನ್ನು ಸಾವಿನ ಶಿಬಿರವಾದ ಆಶ್ವಿಟ್ಸ್‌ಗೆ ಸಾಗಿಸಲಾಗಿತ್ತು. ಉಳಿದವರ ಊರಿಗೆ ಬಣ್ಣ ಬಳಿದು, 'ಬ್ರುಂಡಿಬಾರ್' ಆಡಿಸಿ ತೋರಿಸಿದರು. ಹೀಗೆ ಅದೇ ಹಾಡು ಮಕ್ಕಳಿಗೆ ಉಸಿರೂ ಆಯಿತು, ಕೊಲೆಗಾರರಿಗೆ ಮುಖವಾಡವೂ ಆಯಿತು. ಸಂಗೀತ ಸದಾ ಒಳ್ಳೆಯವರ ಪಕ್ಷದಲ್ಲೇ ಇರುತ್ತದೆ ಎಂದು ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ. ಆಶ್ವಿಟ್ಸ್-ಬಿರ್ಕೆನೌನಲ್ಲಿ ಕೈದಿ ಹೆಂಗಸರದೇ ಒಂದು ಆರ್ಕೆಸ್ಟ್ರಾ ಇತ್ತು. ಸಂಯೋಜಕ ಮಾಲರ್ ಅವರ ತಂಗಿಯ ಮಗಳು ಆಲ್ಮಾ ರೋಸೆ ಅದನ್ನು ನಡೆಸಿದರು. ಬೆಳಿಗ್ಗೆ ಕೆಲಸಕ್ಕೆ ಹೋಗುವ, ಸಂಜೆ ಮರಳುವ ಕೈದಿಗಳ ಸಾಲಿಗೆ ಹೆಜ್ಜೆ ತಪ್ಪದಂತೆ ಮಾರ್ಚ್ ನುಡಿಸುವುದು ಅವರ ಮುಖ್ಯ ಕೆಲಸ. ಅದು ನುಡಿಸಿದವರಲ್ಲಿ ಬಹುಪಾಲು ಜನರ ಜೀವ ಉಳಿಸಿತು. ಕೇಳುತ್ತ ನಡೆದವರಲ್ಲಿ ಅನೇಕರಿಗೆ ಅದು ಇನ್ನೊಂದು ಹಿಂಸೆ.

ಉಲ್ಮಾನ್ ಅವರ 'ಅಟ್ಲಾಂಟಿಸ್‌ನ ಚಕ್ರವರ್ತಿ' ಎಂಬ ಪುಟ್ಟ ಆಪೆರಾ ತೆರೆಜೀನ್‌ನಲ್ಲೇ ಹುಟ್ಟಿದ್ದು. ಕಥೆ ಹೀಗಿದೆ: ಚಕ್ರವರ್ತಿ ಎಲ್ಲರ ಮೇಲೂ ಎಲ್ಲರ ಯುದ್ಧ ಸಾರುತ್ತಾನೆ. ತನ್ನ ಕೆಲಸವನ್ನು ಯಂತ್ರದಂತೆ ಮಾಡಿಬಿಟ್ಟರಲ್ಲ ಎಂದು ಬೇಸತ್ತ ಸಾವು ಮುಷ್ಕರ ಹೂಡುತ್ತದೆ. ಗುಂಡು ತಗುಲಿದವರೂ ಸಾಯುವುದಿಲ್ಲ, ನೇಣಿಗೇರಿದವರೂ ಸಾಯುವುದಿಲ್ಲ. ಕೊನೆಗೆ ಸಾವು ಕೆಲಸಕ್ಕೆ ಮರಳಲು ಒಂದೇ ಷರತ್ತು, ಮೊದಲು ಸಾಯುವವನು ಚಕ್ರವರ್ತಿಯೇ ಆಗಬೇಕು. ಇಲ್ಲಿ ಕಥೆಗಿಂತ ಧಾಟಿಗಳನ್ನು ಗಮನಿಸಿ. ನಗಾರಿಯವಳು ಚಕ್ರವರ್ತಿಯ ಬಿರುದಾವಳಿ ಸಾರುವಾಗ ಜರ್ಮನ್ ರಾಷ್ಟ್ರಗೀತೆಯ ಧಾಟಿ ಸೊಟ್ಟಗಾಗಿ ಕೇಳಿಸುತ್ತದೆ. ಕೊನೆಯಲ್ಲಿ ಎಲ್ಲರೂ ಸಾವನ್ನು ಅತಿಥಿಯಂತೆ ಬರಮಾಡಿಕೊಳ್ಳುವ ಹಾಡು ಜರ್ಮನ್ ಧರ್ಮಸುಧಾರಕ ಲೂಥರನ ಪ್ರಸಿದ್ಧ ಕೀರ್ತನೆಯ ಧಾಟಿಯಲ್ಲಿದೆ. ಜರ್ಮನ್ ಸಂಸ್ಕೃತಿ ತಮ್ಮದೆಂದು ಎದೆತಟ್ಟಿಕೊಂಡವರ ಕೈಯಿಂದ ಅದನ್ನು ಕಿತ್ತುಕೊಂಡು, ಅವರು ಕೊಲ್ಲಲಿದ್ದ ವ್ಯಕ್ತಿ ಹೀಗೆ ಬಳಸಿದರು. ಬಾಂಜೊ, ಸ್ಯಾಕ್ಸೊಫೋನ್ ಸೇರಿದ ಅದರ ವಿಚಿತ್ರ ವಾದ್ಯಮೇಳಕ್ಕೆ ತಾಲೀಮು ನಡೆಯಿತು, ಪ್ರದರ್ಶನ ಮಾತ್ರ ಆಗಲಿಲ್ಲ. 1944ರ ಅಕ್ಟೋಬರ್ 16ರ ರೈಲಿನಲ್ಲಿ ಉಲ್ಮಾನ್, ಹಾಸ್, ಕ್ರಾಸ, ಕ್ಲೈನ್ ಎಲ್ಲರನ್ನೂ ಆಶ್ವಿಟ್ಸ್‌ಗೆ ಕಳಿಸಿದರು. ಕ್ಲೈನ್ ಮುಂದಿನ ಜನವರಿವರೆಗೆ ಬೇರೊಂದು ಶಿಬಿರದಲ್ಲಿ ಬದುಕಿದ್ದರು. ಉಳಿದ ಮೂವರು ಆಶ್ವಿಟ್ಸ್ ತಲುಪಿದ ಕೂಡಲೇ ಕೊಲೆಯಾದರು. ಆಪೆರಾ ರಂಗಕ್ಕೆ ಬಂದದ್ದು 1975ರಲ್ಲಿ, ಆಮ್‌ಸ್ಟರ್‌ಡ್ಯಾಮಿನಲ್ಲಿ.

ದೇಶಬಿಟ್ಟವರ ಸಂಗೀತದ ಬಗ್ಗೆಯೂ ಕೇಳಿದ್ದೀರಿ. ಊರು ಬಿಟ್ಟವರೆಲ್ಲ ಊರ ನೆನಪಿನ ಹಾಡು ಬರೆಯುತ್ತಾರೆ ಎಂದುಕೊಂಡರೆ ತಪ್ಪು. ರಷ್ಯಾದ ಕ್ರಾಂತಿಯ ಬೆನ್ನಿಗೇ, 1917ರ ಡಿಸೆಂಬರಿನಲ್ಲಿ ದೇಶ ಬಿಟ್ಟ ಸಂಯೋಜಕ ರಹ್ಮಾನಿನೊವ್ ಆಮೇಲಿನ ಇಪ್ಪತ್ತೈದು ವರ್ಷಗಳಲ್ಲಿ ಓಪಸ್ ಸಂಖ್ಯೆ (ಸಂಯೋಜಕರ ಕೃತಿಗಳಿಗೆ ಕೊಡುವ ಕ್ರಮಸಂಖ್ಯೆ) ಪಡೆದ ಆರೇ ಕೃತಿ ಬರೆದರು. ಅದಕ್ಕೆ ಮೊದಲು 39 ಬಂದಿದ್ದವು. ಸಂಸಾರ ಸಾಗಿಸಲು ಊರೂರು ಸುತ್ತಿ ಪಿಯಾನೊ ನುಡಿಸಬೇಕಿತ್ತು ಎಂಬುದೂ ಕಾರಣ, ನೆಲ ಕಳೆದುಕೊಂಡಾಗ ಬರೆಯುವ ಮನಸ್ಸೂ ಹೋಯಿತು ಎಂಬುದೂ ಕಾರಣ.

ಹಂಗೆರಿಯ ಸಂಯೋಜಕ ಬಾರ್ತೋಕ್ ನಾತ್ಸಿಗಳ ನೆರಳು ಬಿದ್ದ ತಾಯ್ನಾಡು ಬಿಟ್ಟು 1940ರಲ್ಲಿ ನ್ಯೂಯಾರ್ಕ್ ಸೇರಿದರು. 1943ರಲ್ಲಿ, ಕಾಯಿಲೆಯ ನಡುವೆ, 'ಕಾನ್ಸರ್ಟೊ ಫಾರ್ ಆರ್ಕೆಸ್ಟ್ರಾ' ಬರೆದರು. ಅದರ ನಾಲ್ಕನೇ ಭಾಗಕ್ಕೆ 'ಅಡ್ಡಿಯಾದ ಇಂಟರ್ಮೆಟ್ಸೊ' ಎಂದು ಹೆಸರು, ಇಂಟರ್ಮೆಟ್ಸೊ ಎಂದರೆ ನಡುವೆ ಬರುವ ಹಗುರ ತುಣುಕು. ವಯೋಲಾಗಳು ತುಂಬು ಎದೆಯಿಂದ ಒಂದು ಧಾಟಿ ನುಡಿಸುತ್ತವೆ. 'ಹಂಗೆರಿ, ನೀನೆಷ್ಟು ಚೆಲುವೆ' ಎಂಬರ್ಥದ ಹಳೆಯ ಆಪೆರೆಟಾ ಹಾಡಿನ ನೆನಪು ಅದು. ಇದ್ದಕ್ಕಿದ್ದಂತೆ ಬೀದಿ ಬ್ಯಾಂಡೊಂದು ನುಗ್ಗಿ ಬರುತ್ತದೆ, ವಾದ್ಯಗಳು ಹಹ್ಹಾ ಎಂದು ನಗುತ್ತವೆ, ಟ್ರೊಂಬೋನ್‌ಗಳು ಗೊರಕೆ ಹೊಡೆದಂತೆ ಜಾರುತ್ತವೆ. ಆ ನುಗ್ಗಿದ ಧಾಟಿ ಎಲ್ಲಿಯದು ಗೊತ್ತೇ? ಶೊಸ್ತಕೋವಿಚ್‌ರ ಏಳನೇ ಸಿಂಫನಿಯ ಶತ್ರುಸೈನ್ಯದ ಮಾರ್ಚಿನ ಅಣಕ ಅದು.

ಆ ಏಳನೆಯದು ಬೇರೆಯದೇ ಪುರಾಣ, ಚಿಕ್ಕದಾಗಿ ಹೇಳಿಬಿಡುತ್ತೇನೆ. ಜರ್ಮನ್ ಮುತ್ತಿಗೆಯಲ್ಲಿ ಹಸಿದು ಸಾಯುತ್ತಿದ್ದ ಲೆನಿನ್‌ಗ್ರಾಡಿನಲ್ಲಿ 1942ರ ಆಗಸ್ಟ್ 9ರಂದು ಅದನ್ನು ನುಡಿಸಲು ಹೊರಟಾಗ ರೇಡಿಯೊ ಆರ್ಕೆಸ್ಟ್ರಾದಲ್ಲಿ ಕೂತು ನುಡಿಸಬಲ್ಲವರು ಸುಮಾರು ಹದಿನೈದು ಮಂದಿ ಉಳಿದಿದ್ದರು. ಕಂಡಕ್ಟರ್ ಕಾರ್ಲ್ ಎಲಿಯಾಸ್‌ಬರ್ಗ್ ಸೇನೆಯಿಂದ ವಾದಕರನ್ನು ಕರೆಸಿ ತಂಡ ತುಂಬಿಸಿದರು. ಕಛೇರಿಯ ಹೊತ್ತಿಗೆ ಜರ್ಮನ್ ತೋಪುಗಳು ಸದ್ದು ಮಾಡದಂತೆ ಸೋವಿಯತ್ ಸೇನೆ ಮೊದಲೇ ಅವುಗಳ ಮೇಲೆ ಗುಂಡಿನ ಮಳೆಗರೆದಿತ್ತು. ಅಮೆರಿಕದಲ್ಲಿ ರೇಡಿಯೊ ಹಾಕಿದರೆ ಇದೇ ಸಿಂಫನಿ ಎನ್ನುವಂತಾದಾಗ ಬಾರ್ತೋಕ್‌ಗೆ ಸಹನೆ ತಪ್ಪಿತು. ಒಬ್ಬ ದೇಶಭ್ರಷ್ಟ, ಮುತ್ತಿಗೆಗೆ ಸಿಕ್ಕ ಇನ್ನೊಬ್ಬನನ್ನು ಗೇಲಿ ಮಾಡಿದ್ದು ಸರಿಯೇ ಎಂದು ಕೇಳಬಹುದು. ಆ ಮಾರ್ಚು ಅಷ್ಟು ಸಲ ತಿರುಗಿ ತಿರುಗಿ ಬರುವುದನ್ನು ಕೇಳುವಾಗ ನನ್ನ ಮನಸ್ಸೂ ಕೆಲವೊಮ್ಮೆ ಬಾರ್ತೋಕ್ ಕಡೆ ವಾಲುತ್ತದೆ.

ಇನ್ನು ನೀವು ಅತ್ತ ಎಂಟನೇ ಕ್ವಾರ್ಟೆಟ್. 1960ರ ಜುಲೈಯಲ್ಲಿ, ಡ್ರೆಸ್ಡೆನ್ ಹತ್ತಿರದ ಗೋರಿಶ್ ಎಂಬ ಊರಿನಲ್ಲಿ, ಮೂರೇ ದಿನಗಳಲ್ಲಿ ಶೊಸ್ತಕೋವಿಚ್ ಅದನ್ನು ಬರೆದರು. ಹೋಗಿದ್ದದ್ದು ಬಾಂಬಿಗೆ ನೆಲಸಮವಾದ ಡ್ರೆಸ್ಡೆನ್ ಕುರಿತ ಚಿತ್ರಕ್ಕೆ ಸಂಗೀತ ಒದಗಿಸಲು. 'ಫ್ಯಾಸಿಸಂ ಮತ್ತು ಯುದ್ಧದ ಬಲಿಪಶುಗಳ ನೆನಪಿಗೆ' ಎಂಬ ಅರ್ಪಣೆ ಅಧಿಕೃತ. ಗೆಳೆಯ ಗ್ಲಿಕ್‌ಮನ್‌ಗೆ ಬರೆದ ಪತ್ರದಲ್ಲಿ ಬೇರೆ ಮಾತಿದೆ: ತಾನು ಸತ್ತರೆ ತನ್ನ ನೆನಪಿಗೆ ಯಾರೂ ಏನೂ ಬರೆಯಲಾರರು, ಅದಕ್ಕೇ ತಾನೇ ಬರೆದುಕೊಂಡೆ ಎಂದು. ಕಮ್ಯುನಿಸ್ಟ್ ಪಕ್ಷ ಸೇರುವಂತೆ ಬಂದ ಒತ್ತಡಕ್ಕೆ ಮಣಿದು ಅವರು ಒಳಗೇ ಕುಸಿದಿದ್ದ ದಿನಗಳು ಅವು.

ಹಾಗಾದರೆ ನೀವು ಅತ್ತದ್ದು ಯಾರಿಗಾಗಿ? ಉತ್ತರ ಸ್ವರಗಳಲ್ಲೇ ಇದೆ. ಕೃತಿ ಆರಂಭವಾಗುವುದು ನಾಲ್ಕು ಸ್ವರಗಳಿಂದ. ಜರ್ಮನ್ ಪದ್ಧತಿಯಲ್ಲಿ ಆ ಸ್ವರಗಳ ಹೆಸರು ಡಿ, ಎಸ್, ಸಿ, ಎಚ್. ಜರ್ಮನ್ ಕಾಗುಣಿತದಲ್ಲಿ ಅವರ ಹೆಸರಿನ ಮೊದಲಕ್ಷರ ಡಿ, ಮನೆತನದ ಹೆಸರು ಶುರುವಾಗುವುದು ಎಸ್, ಸಿ, ಎಚ್‌ನಿಂದ. ಹಾಗಾಗಿ ಅದು ಶೊಸ್ತಕೋವಿಚ್ ಅವರ ರುಜು. ನಮ್ಮ ಸ್ವರಗಳಲ್ಲಿ ಹಾಡಿಕೊಳ್ಳಿ: ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ, ಷಡ್ಜ, ಕೆಳಗಿನ ಕಾಕಲಿ ನಿಷಾದ. ರಿ ಗ ಸ ನಿ. ಕೊನೆಯ ನಿಷಾದ ಷಡ್ಜಕ್ಕೆ ಹತ್ತಲೊಲ್ಲದೆ ಅಲ್ಲೇ ನೇತಾಡುವುದು ತಾನಾಗಿ ತಿಳಿಯುತ್ತದೆ. ಐದೂ ಭಾಗಗಳಲ್ಲಿ ಈ ರುಜು ಎಡೆಬಿಡದೆ ಬರುತ್ತದೆ. ಎರಡನೇ ಭಾಗದ ಆರ್ಭಟದ ನಡುವೆ, 1944ರ ತಮ್ಮದೇ ಪಿಯಾನೊ ಟ್ರಿಯೊದಿಂದ ತಂದ ಯೆಹೂದಿ ಧಾಟಿಯೊಂದು ಸಿಡಿಯುತ್ತದೆ. ನಾಲ್ಕನೆಯದರಲ್ಲಿ ಗುದ್ದಿದಂತೆ ಮೂರು ಪೆಟ್ಟು. ಕೆಲವರು ಬಾಂಬು ಎನ್ನುತ್ತಾರೆ, ಕೆಲವರು ನಡುರಾತ್ರಿ ಗುಪ್ತ ಪೊಲೀಸರು ಬಾಗಿಲು ಬಡಿದದ್ದು ಎನ್ನುತ್ತಾರೆ. ನನಗೆ ಎರಡೂ ಬೇಕಾಗಿಲ್ಲ. ಅದಾದ ಸ್ವಲ್ಪ ಹೊತ್ತಿಗೆ ಚೆಲ್ಲೊ ತನ್ನ ಸಹಜ ಸ್ಥಾಯಿ ಬಿಟ್ಟು ಮೇಲೇರಿ, ಎಳೆಯ ದನಿಯಲ್ಲಿ ಒಂದು ಹಾಡು ಹಾಡುತ್ತದೆ. ಅದು ಅವರ 'ಲೇಡಿ ಮ್ಯಾಕ್‌ಬೆತ್' ಆಪೆರಾದಲ್ಲಿ ಸೈಬೀರಿಯಾದ ಗಡಿಪಾರಿನ ದಾರಿಯಲ್ಲಿ ಕೈದಿ ಹೆಣ್ಣೊಬ್ಬಳು ತನ್ನ ಪ್ರಿಯನನ್ನು ಕರೆಯುವ ಹಾಡು. 1936ರಲ್ಲಿ 'ಪ್ರಾವ್ದಾ' ಪತ್ರಿಕೆ ಉಗಿದು ಮೂಲೆಗೆ ತಳ್ಳಿದ ಆಪೆರಾ. ಆ ಅರ್ಪಣೆಯ ಸಾಲು ಸುಳ್ಳೆಂದು ನಾನು ಹೇಳುವುದಿಲ್ಲ. ಬಲಿಪಶುಗಳ ಪಟ್ಟಿಯಲ್ಲಿ ಅವರು ತಮ್ಮ ಹೆಸರನ್ನೂ ಸೇರಿಸಿದರು, ಸೆನ್ಸಾರಿನವರಿಗೆ ಓದಲು ಬಾರದ ಲಿಪಿಯಲ್ಲಿ. ನೀವು ಕಥೆ ಓದದೆ ಕೇಳಿದ್ದರೂ ಆ ಚೆಲ್ಲೊ ನಿಮ್ಮನ್ನು ಹಿಡಿದು ನಿಲ್ಲಿಸುತ್ತಿತ್ತು ಎಂಬುದು ನನ್ನ ಅಂದಾಜು. ಡ್ರೆಸ್ಡೆನ್ ನೆನಪಾಗುತ್ತಿತ್ತೇ ಎಂದರೆ, ಇಲ್ಲ.

ಎಲ್ಲಿಂದ ಶುರು ಮಾಡಬೇಕು ಎಂದಿರಿ. ಷೋನ್‌ಬರ್ಗ್ ಅವರ 'ವಾರ್ಸಾದಿಂದ ಬದುಕುಳಿದವನು' ಏಳು ನಿಮಿಷದ ಕೃತಿ. ನಿರೂಪಕ ಇಂಗ್ಲಿಷಿನಲ್ಲಿ ಹೇಳುತ್ತಾನೆ, ಸಾರ್ಜೆಂಟ್ ಜರ್ಮನಿನಲ್ಲಿ ಗದರುತ್ತಾನೆ, ಕೊನೆಗೆ ಗಂಡಸರ ಮೇಳ ಹೀಬ್ರೂ ಪ್ರಾರ್ಥನೆಗೆ ದನಿ ಎತ್ತುತ್ತದೆ. ಮಾತಿರುವುದರಿಂದ ದಾರಿ ತಪ್ಪುವ ಭಯವಿಲ್ಲ, ಆದರೆ ಮೊದಲಿಗೇ ಅದು ಬೇಡ, ಕಿವಿ ಗಾಯವಾಗುತ್ತದೆ. ರಿಚರ್ಡ್ ಸ್ಟ್ರಾಸ್ ಅವರ 'ಮೆಟಮಾರ್ಫೋಸೆನ್' ಕೊನೆಗಿರಲಿ. ನಾತ್ಸಿ ಸರ್ಕಾರದ ಸಂಗೀತ ಮಂಡಳಿಗೆ 1933ರಿಂದ 35ರವರೆಗೆ ಅಧ್ಯಕ್ಷರಾಗಿದ್ದ ಮನುಷ್ಯ, 1945ರ ಏಪ್ರಿಲ್‌ನಲ್ಲಿ ತಮ್ಮ ಜರ್ಮನಿ ಬೂದಿಯಾದದ್ದಕ್ಕೆ 23 ತಂತಿವಾದ್ಯಗಳಲ್ಲಿ ಅತ್ತದ್ದು ಅದು. ತುಂಬ ಚೆಲುವಾಗಿದೆ, ಮತ್ತು ಆ ಚೆಲುವೇ ನನ್ನನ್ನು ಕಾಡುತ್ತದೆ.

ಗಿಡಿಯೊನ್ ಕ್ಲೈನ್ ಅವರ ಸ್ಟ್ರಿಂಗ್ ಟ್ರಿಯೊದಿಂದ ಶುರು ಮಾಡಿ. ಪಿಟೀಲು, ವಯೋಲಾ, ಚೆಲ್ಲೊ ಮೂರೇ ವಾದ್ಯ, ಇಡೀ ಕೃತಿ ಕಾಲು ಗಂಟೆಯೊಳಗೆ ಮುಗಿಯುತ್ತದೆ. ಮೊದಲ ಮತ್ತು ಮೂರನೇ ಭಾಗಗಳು ಚುರುಕಾಗಿ ಕುಣಿಯುತ್ತವೆ, ಅಳುಬುರುಕತನ ಎಳ್ಳಷ್ಟೂ ಇಲ್ಲ. ನಡುವಿನದು ಮಾತ್ರ ಉದ್ದ, ನಿಧಾನ: ಅವರು ಹುಟ್ಟಿದ ಮೊರಾವಿಯಾ ಸೀಮೆಯ ಜನಪದ ಹಾಡೊಂದನ್ನು ಹಿಡಿದು, ಅದನ್ನೇ ಒಂದಾದ ಮೇಲೊಂದರಂತೆ ಬೇರೆ ಬೇರೆ ಬಗೆಯಲ್ಲಿ ಹೊರಳಿಸುತ್ತ ಹೋಗುತ್ತಾರೆ. ಹಸ್ತಪ್ರತಿಯ ಕೊನೆಯಲ್ಲಿರುವ ತಾರೀಖು 1944ರ ಅಕ್ಟೋಬರ್ 7. ರೈಲಿಗೆ ಇನ್ನು ಒಂಬತ್ತು ದಿನ ಇತ್ತು.